‘ಇಫ್’ ಕಾಣಿಸದ ‘ವುಡ್ ಹ್ಯಾವ್’: ಅಡಗಿದ ಷರತ್ತನ್ನು ಹುಡುಕುವುದು ಹೇಗೆ?

ಇಂಗ್ಲಿಷ್ ಕಲಿಯುವವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: “‘ಇಫ್’ ಇದ್ದರೆ ತಾನೇ ‘ವುಡ್ ಹ್ಯಾವ್’ ಬರಬೇಕು? ಆದರೆ ಕಥೆಗಳಲ್ಲಿ, ಸುದ್ದಿಯಲ್ಲಿ, ಮಾತಿನಲ್ಲಿ ‘ಇಫ್’ ಇಲ್ಲದೆಯೇ ‘ಐ ವುಡ್ ಹ್ಯಾವ್ ಹೆಲ್ಪ್ಡ್ ಯೂ’ ಅಂತ ಬರುತ್ತಲ್ಲ, ಅದು ಹೇಗೆ?” ಅದರ ಹಿಂದೆಯೇ ಇನ್ನೊಂದು ಪ್ರಶ್ನೆ: “‘ಕುಡ್ ಹ್ಯಾವ್ ಗಾನ್’ ಅಂದರೆ ಹೋದನಾ, ಹೋಗಲಿಲ್ಲವಾ?”

ಎರಡೂ ಗೊಂದಲಕ್ಕೆ ಮೂಲ ಒಂದೇ. ಕನ್ನಡದಲ್ಲಿ ಕ್ರಿಯಾಪದದ ಕೊನೆ ನೋಡಿದರೆ ಸಾಕು, ಕೆಲಸ ನಡೆಯಿತೋ ಇಲ್ಲವೋ ಹೆಚ್ಚಿನ ಸಲ ತಿಳಿದುಬಿಡುತ್ತದೆ. ‘ಹೋಗಬಹುದಿತ್ತು’ ಅಂದರೆ ಅವಕಾಶ ಇತ್ತು, ಹೋಗಲಿಲ್ಲ. ‘ಹೋಗಿರಬಹುದು’ ಅಂದರೆ ಊಹೆ, ಖಚಿತವಾಗಿ ಗೊತ್ತಿಲ್ಲ. ಇಂಗ್ಲಿಷ್‌ನಲ್ಲಿ ಈ ಎರಡಕ್ಕೂ ‘ಕುಡ್ ಹ್ಯಾವ್ ಗಾನ್’ ಎಂದೇ ಬರಬಹುದು. ಯಾವ ಅರ್ಥ ಅನ್ನುವುದನ್ನು ಅಕ್ಕಪಕ್ಕದ ಮಾತು ಹೇಳಬೇಕು. ಹಾಗಾಗಿ ಇಲ್ಲಿ ಸೂತ್ರ ಬಾಯಿಪಾಠ ಮಾಡುವುದಕ್ಕಿಂತ, ಅಕ್ಕಪಕ್ಕ ಹುಡುಕುವ ಅಭ್ಯಾಸ ಮುಖ್ಯ. ಅದನ್ನೇ ಹಂತ ಹಂತವಾಗಿ ಮಾಡೋಣ.

ಶುರು ಮಾಡುವ ಮೊದಲು

ನಾಲ್ಕು ಹೆಸರುಗಳು ಗೊತ್ತಿದ್ದರೆ ಸಾಕು.

ಮೋಡಲ್: ವುಡ್, ಕುಡ್, ಶುಡ್, ಮೈಟ್, ಮೇ, ಮಸ್ಟ್ ಇಂಥ ಸಹಾಯಕ ಕ್ರಿಯಾಪದಗಳು. ಬಹುದು, ಬೇಕು, ಸಾಧ್ಯ ಇಂಥ ಛಾಯೆ ಕೊಡುವುದು ಇವುಗಳ ಕೆಲಸ.

ಪಾಸ್ಟ್ ಪಾರ್ಟಿಸಿಪಲ್: ಶಾಲೆಯಲ್ಲಿ ‘ವಿ3’ ಅಥವಾ ‘ಥರ್ಡ್ ಫಾರ್ಮ್’ ಅಂತ ಕಲಿಸಿದ್ದು ಇದೇ. ಗೋ, ವೆಂಟ್, ಗಾನ್ ಇವುಗಳಲ್ಲಿ ‘ಗಾನ್’.

ಮೋಡಲ್ ಪರ್ಫೆಕ್ಟ್: ಮೋಡಲ್, ‘ಹ್ಯಾವ್’, ವಿ3 ಮೂರೂ ಒಟ್ಟಿಗೆ ಬಂದಾಗ ಅದಕ್ಕೆ ಈ ಹೆಸರು. ‘ವುಡ್ ಹ್ಯಾವ್ ಗಾನ್’, ‘ಮಸ್ಟ್ ಹ್ಯಾವ್ ಸೀನ್’ ಹೀಗೆ.

ಇಂಪ್ಲೈಡ್ ಕಂಡಿಷನಲ್: ಷರತ್ತು ಇದೆ, ಆದರೆ ‘ಇಫ್’ ಹಾಕಿ ಹೇಳಿಲ್ಲ. ಈ ಲೇಖನದಲ್ಲಿ ಇದನ್ನು ‘ಅಡಗಿದ ಷರತ್ತು’ ಅಂತಲೇ ಕರೆಯೋಣ.

ಇದರ ಜೊತೆಗೆ, ‘ಇಫ್ ಯೂ ಹ್ಯಾಡ್ ಕಾಲ್ಡ್, ಐ ವುಡ್ ಹ್ಯಾವ್ ಕಮ್’ ಅನ್ನುವ ವಾಕ್ಯ ನಿಮಗೆ ಅರ್ಥವಾಗಬೇಕು: ನೀನು ಕರೆದಿದ್ದರೆ ಬರುತ್ತಿದ್ದೆ, ನೀನು ಕರೆಯಲಿಲ್ಲ, ನಾನು ಬರಲಿಲ್ಲ. ಇದಕ್ಕೆ ಥರ್ಡ್ ಕಂಡಿಷನಲ್ ಎಂದು ಹೆಸರು. ಮುಂದೆ ಬರುವ ವಾಕ್ಯಗಳಲ್ಲಿ ಬಹಳಷ್ಟನ್ನು ಕೊನೆಗೆ ಈ ರೂಪಕ್ಕೇ ಬಿಡಿಸಿಕೊಳ್ಳುತ್ತೇವೆ.

ಹಂತ 1: ರೂಪವನ್ನು ಸರಿಯಾಗಿ ಕಟ್ಟಿ

ಮೋಡಲ್, ಆಮೇಲೆ ‘ಹ್ಯಾವ್’, ಆಮೇಲೆ ವಿ3. ಕರ್ತೃ ಯಾರೇ ಆಗಿರಲಿ ಇದು ಬದಲಾಗುವುದಿಲ್ಲ. ‘ಶಿ’ ಇದ್ದರೂ ‘ಶಿ ವುಡ್ ಹ್ಯಾವ್ ಸೀನ್’ ಎಂದೇ ಬರೆಯಬೇಕು, ‘ವುಡ್ ಹ್ಯಾಸ್’ ಅಲ್ಲ. ಮೋಡಲ್ ಆದ ಮೇಲೆ ಕ್ರಿಯಾಪದ ಮೂಲರೂಪದಲ್ಲೇ ನಿಲ್ಲುತ್ತದೆ. ‘ಶಿ ಕ್ಯಾನ್ ಗೋಸ್’ ಅಂತ ಯಾರೂ ಹೇಳುವುದಿಲ್ಲ, ಅಲ್ವಾ? ಅದೇ ನಿಯಮ ಇಲ್ಲಿಯೂ.

ವಿ3 ಬದಲು ವಿ2 ಬರೆಯುವುದು ಇನ್ನೊಂದು ಸಾಮಾನ್ಯ ತಪ್ಪು. ‘ವುಡ್ ಹ್ಯಾವ್ ವೆಂಟ್’ ತಪ್ಪು, ‘ವುಡ್ ಹ್ಯಾವ್ ಗಾನ್’ ಸರಿ. ಹಾಗೆಯೇ ‘ಶುಡ್ ಆಫ್’ ಎಂದು ಬರೆಯಬೇಡಿ. ಮಾತಿನಲ್ಲಿ ‘ಶುಡ್ ಹ್ಯಾವ್’ ಅನ್ನುವುದು ‘ಶುಡವ್’ ಎಂದು ಕುಗ್ಗುವುದರಿಂದ ಕಿವಿಗೆ ಹಾಗೆ ಕೇಳುತ್ತದೆ. ಇಂಗ್ಲಿಷ್ ಮನೆಮಾತಾಗಿರುವವರೂ ಹೀಗೆ ಬರೆಯುವುದುಂಟು, ಆದರೆ ಅದು ತಪ್ಪೇ.

ಇನ್ನೊಂದು ಕಡೆ ಸ್ವಲ್ಪ ನಿಂತು ನೋಡಬೇಕು. ಈ ಎರಡು ವಾಕ್ಯ ಓದಿ:

‘ಹಿ ಶುಡ್ ಹ್ಯಾವ್ ಟೋಲ್ಡ್.’
‘ಹಿ ಶುಡ್ ಹ್ಯಾವ್ ಬೀನ್ ಟೋಲ್ಡ್.’

ಮೊದಲನೆಯದು: ಅವನು ಹೇಳಬೇಕಿತ್ತು. ಎರಡನೆಯದು: ಅವನಿಗೆ ಹೇಳಬೇಕಿತ್ತು. ‘ಬೀನ್’ ಎಂಬ ಒಂದು ಪದ ಸೇರಿದ್ದಕ್ಕೆ ತಪ್ಪಿನ ಹೊಣೆ ಅವನಿಂದ ಬೇರೆಯವರ ಮೇಲೆ ಹೋಯಿತು. ದೂರಿನ ಪತ್ರದಲ್ಲೋ ಆಫೀಸಿನ ಮೇಲ್‌ನಲ್ಲೋ ಈ ಪದ ಬಿಟ್ಟುಹೋದರೆ ಅರ್ಥ ಪೂರ್ತಿ ತಿರುಗಿಬಿಡುತ್ತದೆ. ಬರೆದಾದ ಮೇಲೆ, ಕೆಲಸ ಮಾಡಬೇಕಾದವರು ಯಾರು ಅಂತ ಒಮ್ಮೆ ಕೇಳಿಕೊಳ್ಳಿ. ಕರ್ತೃವೇ ಮಾಡಬೇಕಿದ್ದರೆ ‘ಬೀನ್’ ಬೇಡ. ಕರ್ತೃವಿಗೆ ಬೇರೆಯವರು ಮಾಡಬೇಕಿದ್ದರೆ ‘ಬೀನ್’ ಬೇಕು.

ವಿ3 ಜಾಗದಲ್ಲಿ ‘ಬೀನ್’ ಮತ್ತು ‘ಇಂಗ್’ ರೂಪ ಬಂದರೆ, ಆ ಹೊತ್ತಿನಲ್ಲಿ ಕೆಲಸ ನಡೆಯುತ್ತಾ ಇತ್ತು ಎಂದರ್ಥ. ‘ಹಿ ಮಸ್ಟ್ ಹ್ಯಾವ್ ಬೀನ್ ಸ್ಲೀಪಿಂಗ್’ ಅಂದರೆ ಅವನು ಆಗ ನಿದ್ದೆ ಮಾಡುತ್ತಿದ್ದಿರಬೇಕು.

ಹಂತ 2: “ಇದು ನಡೆಯಿತಾ?” ಅಂತ ಕೇಳಿ

ಮೋಡಲ್ ಪರ್ಫೆಕ್ಟ್ ಕಂಡ ತಕ್ಷಣ ಅನುವಾದಕ್ಕೆ ಕೂರಬೇಡಿ. ಮೊದಲು ಈ ಪ್ರಶ್ನೆ ಕೇಳಿ. ಉತ್ತರ ಮೂರರಲ್ಲಿ ಒಂದಾಗಿರುತ್ತದೆ: ನಡೆಯಲಿಲ್ಲ; ನಡೆದಿದೆಯೋ ಇಲ್ಲವೋ ಗೊತ್ತಿಲ್ಲ, ಅಂದರೆ ಊಹೆ; ಅಥವಾ ನಡೆದೇ ಹೋಗಿದೆ.

ಕೆಲವು ಮೋಡಲ್‌ಗಳು ಹೆಚ್ಚಾಗಿ ಒಂದೇ ಕಡೆ ನಿಲ್ಲುತ್ತವೆ. ‘ಮಸ್ಟ್ ಹ್ಯಾವ್’ ಹೆಚ್ಚಿನ ಸಲ ಬಲವಾದ ಊಹೆ: ‘ಶಿ ಮಸ್ಟ್ ಹ್ಯಾವ್ ಗಾನ್ ಹೋಮ್’, ಅವಳು ಮನೆಗೆ ಹೋಗಿರಬೇಕು. ‘ಮೇ ಹ್ಯಾವ್’ ಸಾಧಾರಣ ಊಹೆ: ಹೋಗಿರಬಹುದು, ಹೋಗದೆಯೂ ಇರಬಹುದು. ‘ಶುಡ್ ಹ್ಯಾವ್’ ಅಂದರೆ ಹೆಚ್ಚಿನ ಸಲ ನಡೆಯಲಿಲ್ಲ, ನಡೆದಿದ್ದರೆ ಸರಿಯಿತ್ತು. ‘ವುಡ್ ಹ್ಯಾವ್’ ಅಂದರೆ ಹೆಚ್ಚಿನ ಸಲ ನಡೆಯಲಿಲ್ಲ, ಷರತ್ತು ಈಡೇರಿದ್ದರೆ ನಡೆಯುತ್ತಿತ್ತು.

‘ಕುಡ್ ಹ್ಯಾವ್’, ‘ಮೈಟ್ ಹ್ಯಾವ್’ ಮಾತ್ರ ಎರಡೂ ಕಡೆ ಓಡಾಡುತ್ತವೆ. ಇಲ್ಲಿ ಕನ್ನಡ ನಮ್ಮ ಸಹಾಯಕ್ಕೆ ಬರುತ್ತದೆ. ವಾಕ್ಯವನ್ನು ಎರಡು ರೀತಿಯಲ್ಲಿ ಹೇಳಿ ನೋಡಿ. ‘ಇರ’ ಎನ್ನುವುದು ಬಹುದು, ಬೇಕು ಇವುಗಳ ಮುಂಚೆ ಬಂದರೆ ಊಹೆ: ಹೋಗಿರಬಹುದು, ಹೋಗಿರಬೇಕು. ‘ಇತ್ತು’ ಕೊನೆಯಲ್ಲಿ ಬಂದರೆ ಕೈತಪ್ಪಿದ್ದು: ಹೋಗಬಹುದಿತ್ತು, ಹೋಗಬೇಕಿತ್ತು. ಎರಡರಲ್ಲಿ ಯಾವುದು ಆ ಸಂದರ್ಭಕ್ಕೆ ಕೂರುತ್ತದೆ ಅಂತ ನೋಡಿದರೆ ಉತ್ತರ ಸಿಕ್ಕಂತೆ.

‘ವೇರ್ ಈಸ್ ರವಿ? ಹಿ ಕುಡ್ ಹ್ಯಾವ್ ಮಿಸ್ಡ್ ದ ಬಸ್.’ ರವಿ ಎಲ್ಲಿ ಅಂತ ಹುಡುಕುತ್ತಿದ್ದಾರೆ. ಬಸ್ ತಪ್ಪಿರಬಹುದು. ಊಹೆ.

‘ವೈ ಡಿಡ್ ಯೂ ವಾಕ್? ಯೂ ಕುಡ್ ಹ್ಯಾವ್ ಟೇಕನ್ ದ ಬಸ್.’ ನಡೆದು ಬಂದದ್ದು ಗೊತ್ತಿದೆ. ಬಸ್‌ನಲ್ಲಿ ಬರಬಹುದಿತ್ತು. ಬರಲಿಲ್ಲ.

‘ಮೇ’ ಮತ್ತು ‘ಮೈಟ್’ ನಡುವಿನ ವ್ಯತ್ಯಾಸಕ್ಕೆ ಒಂದು ಉದಾಹರಣೆ ಸಾಕು. ‘ಎ ಲೈಫ್ ಜಾಕೆಟ್ ಮೇ ಹ್ಯಾವ್ ಸೇವ್ಡ್ ಹಿಮ್’ ಅಂದರೆ ಆತ ಬದುಕಿದ್ದಾನೆ, ಉಳಿಸಿದ್ದು ಬಹುಶಃ ಲೈಫ್ ಜಾಕೆಟ್. ‘ಎ ಲೈಫ್ ಜಾಕೆಟ್ ಮೈಟ್ ಹ್ಯಾವ್ ಸೇವ್ಡ್ ಹಿಮ್’ ಎನ್ನುವುದನ್ನು ಸಾಮಾನ್ಯವಾಗಿ ಆತ ಉಳಿಯಲಿಲ್ಲ, ಜಾಕೆಟ್ ಹಾಕಿದ್ದರೆ ಉಳಿಯುತ್ತಿದ್ದನೇನೋ ಎಂದು ಓದಿಕೊಳ್ಳುತ್ತಾರೆ. ಒಂದು ಜೀವದ ವಿಷಯ ಇದು. ಈಗ ಇಂಗ್ಲಿಷ್‌ನಲ್ಲಿ ಬಹಳ ಜನ ಎರಡನ್ನೂ ಬೆರೆಸಿ ಬಳಸುತ್ತಾರೆ, ಆದ್ದರಿಂದ ಓದುವಾಗ ಸಂದರ್ಭ ನೋಡಿ. ನೀವು ಬರೆಯುವಾಗ ಮಾತ್ರ ಕೈತಪ್ಪಿದ ಸಂಗತಿಗೆ ‘ಮೇ ಹ್ಯಾವ್’ ಬಳಸಬೇಡಿ.

ಹಂತ 3: ಷರತ್ತು ಎಲ್ಲಿ ಅಡಗಿದೆ, ಹುಡುಕಿ

ಹಂತ 2ರಲ್ಲಿ ‘ನಡೆಯಲಿಲ್ಲ’ ಎಂಬ ಉತ್ತರ ಬಂತು ಅಂತಿಟ್ಟುಕೊಳ್ಳಿ. ಹಾಗಿದ್ದರೆ ‘ಏನಾಗಿದ್ದರೆ ನಡೆಯುತ್ತಿತ್ತು?’ ಅನ್ನುವುದಕ್ಕೆ ಉತ್ತರ ಎಲ್ಲೋ ಇರಲೇಬೇಕು. ಅದು ಅಡಗುವ ಜಾಗಗಳು ತುಂಬಾ ಏನಿಲ್ಲ.

*‘ವಿದೌಟ್’ ಮತ್ತು ‘ಬಟ್ ಫಾರ್’ ಹಿಂದೆ.* ‘ವಿದೌಟ್ ಯುವರ್ ಹೆಲ್ಪ್, ಐ ವುಡ್ ಹ್ಯಾವ್ ಫೇಲ್ಡ್.’ ನಿಮ್ಮ ಸಹಾಯ ಇಲ್ಲದಿದ್ದರೆ ಫೇಲಾಗುತ್ತಿದ್ದೆ. ‘ಬಟ್ ಫಾರ್ ದ ರೇನ್, ವಿ ವುಡ್ ಹ್ಯಾವ್ ವನ್.’ ಮಳೆ ಬರದೇ ಇದ್ದಿದ್ದರೆ ಗೆಲ್ಲುತ್ತಿದ್ದೆವು. ‘ಬಟ್’ ಕಂಡ ಕೂಡಲೇ ‘ಆದರೆ’ ಅಂತ ಓದಿದರೆ ಇಲ್ಲಿ ದಾರಿ ತಪ್ಪುತ್ತೀರಿ. ‘ಬಟ್ ಫಾರ್’ ಎರಡೂ ಸೇರಿ ಒಂದೇ ಅರ್ಥ: ಅದೊಂದು ಇಲ್ಲದಿದ್ದರೆ. ಇದಕ್ಕೆ ಎದುರು ಜೋಡಿ ‘ವಿತ್’: ‘ವಿತ್ ಮೋರ್ ಟೈಮ್, ವಿ ಕುಡ್ ಹ್ಯಾವ್ ಫಿನಿಶ್ಡ್ ಇಟ್’, ಇನ್ನೂ ಸಮಯ ಇದ್ದಿದ್ದರೆ ಮುಗಿಸಬಹುದಿತ್ತು.

*‘ಬಟ್’, ‘ಅದರ್‌ವೈಸ್’, ‘ಆರ್’ ಪಕ್ಕದಲ್ಲಿ.* ‘ಐ ವುಡ್ ಹ್ಯಾವ್ ಕಾಲ್ಡ್, ಬಟ್ ಮೈ ಫೋನ್ ವಾಸ್ ಡೆಡ್.’ ‘ಐ ವಾಸ್ ಇಲ್, ಅದರ್‌ವೈಸ್ ಐ ವುಡ್ ಹ್ಯಾವ್ ಕಮ್.’ ಇಲ್ಲಿ ಹೆಚ್ಚು ಮಂದಿ ಎಡವುತ್ತಾರೆ, ಆದ್ದರಿಂದ ನಿಧಾನವಾಗಿ ನೋಡಿ. ‘ಮೈ ಫೋನ್ ವಾಸ್ ಡೆಡ್’, ‘ಐ ವಾಸ್ ಇಲ್’ ಇವು ಕಲ್ಪನೆಯಲ್ಲ, ನಿಜವಾಗಿ ನಡೆದದ್ದು. ನಿಜವಾದ ಸಂಗತಿಗೆ ಸಾದಾ ಭೂತಕಾಲ ಸಾಕು. ಷರತ್ತಿನ ವಾಕ್ಯ ಅಂದ ತಕ್ಷಣ ‘ಹ್ಯಾಡ್’ ಹಾಕಬೇಕು ಅಂದುಕೊಂಡು ‘ಬಟ್ ಮೈ ಫೋನ್ ಹ್ಯಾಡ್ ಬೀನ್ ಡೆಡ್’ ಎಂದು ಬರೆಯುವವರಿದ್ದಾರೆ. ಬೇಡ. ಕಲ್ಪನೆಗೆ ‘ವುಡ್ ಹ್ಯಾವ್’, ವಾಸ್ತವಕ್ಕೆ ‘ವಾಸ್’. ಒಂದೇ ವಾಕ್ಯದಲ್ಲಿ ಎರಡೂ ಜೊತೆಗಿರುತ್ತವೆ. ಪರೀಕ್ಷೆಗಳಲ್ಲಿ ತಪ್ಪು ಹುಡುಕಲು ಕೊಡುವ ವಾಕ್ಯಗಳಿಗೆ ಇದು ಹೇಳಿ ಮಾಡಿಸಿದ ಜಾಗ.

*ಕರ್ತೃವಿನೊಳಗೇ.* ‘ಎ ಕೇರ್‌ಫುಲ್ ಡ್ರೈವರ್ ವುಡ್ ಹ್ಯಾವ್ ಸ್ಟಾಪ್ಡ್.’ ಇಲ್ಲಿ ‘ವಿದೌಟ್’ ಇಲ್ಲ, ‘ಬಟ್’ ಇಲ್ಲ. ಎಲ್ಲಾ ಭಾರ ‘ಕೇರ್‌ಫುಲ್’ ಎಂಬ ವಿಶೇಷಣದ ಮೇಲಿದೆ. ಡ್ರೈವರ್ ಎಚ್ಚರದವನಾಗಿದ್ದರೆ ನಿಲ್ಲಿಸುತ್ತಿದ್ದ. ಈ ಡ್ರೈವರ್ ನಿಲ್ಲಿಸಲಿಲ್ಲ, ಎಚ್ಚರವೂ ಇರಲಿಲ್ಲ. ಬೈಯುವ ಒಂದು ಪದವೂ ಇಲ್ಲದೆ ಡ್ರೈವರ್‌ನ ತಪ್ಪನ್ನು ಎತ್ತಿ ತೋರಿಸುವ ವಾಕ್ಯ ಇದು. ವಿಮರ್ಶೆಗಳಲ್ಲಿ, ಸಂಪಾದಕೀಯಗಳಲ್ಲಿ ಈ ರಚನೆ ಜಾಸ್ತಿ ಕಾಣುತ್ತದೆ. ‘ಎ ಬೆಟರ್ ಎಡಿಟರ್ ವುಡ್ ಹ್ಯಾವ್ ಕಟ್ ದಿಸ್ ಚಾಪ್ಟರ್’ ಅಂದರೆ ಈ ಸಂಪಾದಕರು ಅಷ್ಟು ಚೆನ್ನಾಗಿ ಕೆಲಸ ಮಾಡಿಲ್ಲ ಎಂದೇ ಅರ್ಥ. ‘ಎನಿವನ್ ಎಲ್ಸ್’, ‘ಎ ವೈಸರ್ ಮ್ಯಾನ್’, ‘ಮೋಸ್ಟ್ ಪೀಪಲ್’ ಇಂಥ ಕರ್ತೃಗಳು ಕಂಡರೆ ಎಚ್ಚರವಾಗಿ.

*‘ಟು’ ನಂತರ ಬರುವ ಕ್ರಿಯಾಪದದಲ್ಲಿ.* ‘ಇಟ್ ವುಡ್ ಹ್ಯಾವ್ ಬೀನ್ ಎ ಮಿಸ್ಟೇಕ್ ಟು ಸೆಲ್ ದ ಹೌಸ್.’ ಮನೆ ಮಾರಿದ್ದರೆ ತಪ್ಪಾಗುತ್ತಿತ್ತು, ಮಾರಲಿಲ್ಲ. ‘ಟು ಹಿಯರ್ ಹಿಮ್ ಟಾಕ್, ಯೂ ವುಡ್ ಹ್ಯಾವ್ ಥಾಟ್ ಹಿ ಓನ್ಡ್ ದ ಪ್ಲೇಸ್.’ ಅವನ ಮಾತು ಕೇಳಿದ್ದರೆ ಜಾಗ ಅವನದೇ ಅಂದುಕೊಳ್ಳುತ್ತಿದ್ದಿರಿ.

*ವಾಕ್ಯದ ಆರಂಭದ ವಿ3ನಲ್ಲಿ.* ‘ಲೆಫ್ಟ್ ಅಲೋನ್, ದ ಫೈರ್ ವುಡ್ ಹ್ಯಾವ್ ಸ್ಪ್ರೆಡ್.’ ಹಾಗೆಯೇ ಬಿಟ್ಟಿದ್ದರೆ ಬೆಂಕಿ ಹರಡುತ್ತಿತ್ತು. ‘ಗಿವನ್ ಅನದರ್ ಚಾನ್ಸ್’ ಕೂಡ ಹೀಗೆಯೇ.

*ಹಿಂದಿನ ವಾಕ್ಯದಲ್ಲಿ, ಅಥವಾ ಇಬ್ಬರ ನಡುವಿನ ತಿಳಿವಳಿಕೆಯಲ್ಲಿ.* ಮಾತುಕತೆಯಲ್ಲಿ ಅತಿ ಹೆಚ್ಚು ಬರುವುದು ಇದೇ. ‘ವೈ ಡಿಡಂಟ್ ಯೂ ಟೆಲ್ ಮಿ? ಐ ವುಡ್ ಹ್ಯಾವ್ ಹೆಲ್ಪ್ಡ್ ಯೂ.’ ಯಾಕೆ ಹೇಳಲಿಲ್ಲ? ಸಹಾಯ ಮಾಡುತ್ತಿದ್ದೆನಲ್ಲ. ಕನ್ನಡದಲ್ಲೂ ನಾವು ‘ಹೇಳಿದ್ದರೆ’ ಎಂಬುದನ್ನು ಇಲ್ಲಿ ಬಿಟ್ಟೇ ಮಾತಾಡುತ್ತೇವೆ. ಇನ್ನೂ ಮುಂದೆ ಹೋದರೆ ಹಿಂದಿನ ವಾಕ್ಯವೂ ಇರುವುದಿಲ್ಲ. ಯಾರೋ ಪ್ರವಾಸದ ಫೋಟೋ ತೋರಿಸುತ್ತಿದ್ದಾರೆ. ನೋಡುತ್ತಿದ್ದವರು ‘ಓ, ಐ ವುಡ್ ಹ್ಯಾವ್ ಲವ್ಡ್ ದ್ಯಾಟ್’ ಅನ್ನುತ್ತಾರೆ. ನಾನೂ ಬಂದಿದ್ದರೆ ಎಷ್ಟು ಇಷ್ಟವಾಗುತ್ತಿತ್ತು ಎಂದು. ಷರತ್ತು ಆ ಫೋಟೋದಲ್ಲೇ ಇದೆ.

ಇವುಗಳ ಜೊತೆ ಇನ್ನೊಂದನ್ನು ಗುರುತಿಸಲು ಕಲಿಯಿರಿ. ‘ಹ್ಯಾಡ್ ಐ ನೋನ್, ಐ ವುಡ್ ಹ್ಯಾವ್ ವೆಯ್ಟೆಡ್.’ ಇಲ್ಲಿ ಷರತ್ತು ಅಡಗಿಲ್ಲ, ‘ಇಫ್’ ಮಾತ್ರ ಬಿದ್ದುಹೋಗಿ ‘ಹ್ಯಾಡ್’ ಮುಂದೆ ಬಂದಿದೆ. ಪ್ರಶ್ನೆಯ ಹಾಗೆ ಕಂಡರೂ ಪ್ರಶ್ನೆಯಲ್ಲ. ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಲ್ಲದಿರುವುದೇ ಗುರುತು.

ಹಂತ 4: ‘ಇಫ್’ ಹಾಕಿ ಬಿಡಿಸಿ ನೋಡಿ

ಸಿಕ್ಕಿದ ಷರತ್ತು ಸರಿಯೇ ಅಂತ ಪರೀಕ್ಷಿಸಲು ಅದನ್ನು ಪೂರ್ತಿ ‘ಇಫ್’ ವಾಕ್ಯವಾಗಿ ಬರೆಯಿರಿ.

‘ಐ ವುಡ್ ಹ್ಯಾವ್ ಕಾಲ್ಡ್, ಬಟ್ ಮೈ ಫೋನ್ ವಾಸ್ ಡೆಡ್’ ಎಂಬುದು ‘ಇಫ್ ಮೈ ಫೋನ್ ಹ್ಯಾಡ್ ನಾಟ್ ಬೀನ್ ಡೆಡ್, ಐ ವುಡ್ ಹ್ಯಾವ್ ಕಾಲ್ಡ್’ ಆಗುತ್ತದೆ.

ಏನು ಬದಲಾಯಿತು ನೋಡಿ. ‘ವಾಸ್’ ಎಂಬ ವಾಸ್ತವ ‘ಹ್ಯಾಡ್ ನಾಟ್ ಬೀನ್’ ಎಂಬ ಕಲ್ಪನೆಯಾಯಿತು. ಇದ್ದದ್ದು ಇಲ್ಲ ಆಯಿತು, ಕಾಲ ಒಂದು ಹೆಜ್ಜೆ ಹಿಂದೆ ಸರಿಯಿತು. ‘ವುಡ್ ಹ್ಯಾವ್’ ಇರುವ ಭಾಗ ಅಲ್ಲಾಡಲೇ ಇಲ್ಲ. ಈ ತಿರುವು ಕೈಗೆ ಹತ್ತಿದರೆ ಎರಡೂ ಕಡೆಯಿಂದ ವಾಕ್ಯ ಬದಲಿಸಲು ಬರುತ್ತದೆ.

ಬಿಡಿಸುವಾಗ ಒಂದು ತಪ್ಪು ಮಾಡಬೇಡಿ: ‘ಇಫ್’ ಭಾಗದೊಳಗೆ ‘ವುಡ್ ಹ್ಯಾವ್’ ಹಾಕಬೇಡಿ. ‘ಇಫ್ ಐ ವುಡ್ ಹ್ಯಾವ್ ನೋನ್’ ಅಂತ ಕೆಲವರ ಮಾತಿನಲ್ಲಿ ಕೇಳಿಸುತ್ತದೆ, ಅಮೆರಿಕದ ಆಡುಮಾತಿನಲ್ಲಿ ಅದು ಸಾಕಷ್ಟಿದೆ. ಬರವಣಿಗೆಯಲ್ಲಿ, ಪರೀಕ್ಷೆಯಲ್ಲಿ ಅದನ್ನು ತಪ್ಪೆಂದೇ ಪರಿಗಣಿಸುತ್ತಾರೆ. ‘ಇಫ್ ಐ ಹ್ಯಾಡ್ ನೋನ್’ ಬರೆಯಿರಿ.

ಹಂತ 5: ಫಲ ಆಗಿನದಾ, ಈಗಿನದಾ?

ಷರತ್ತು ಹಿಂದಿನದಾದರೂ ಅದರ ಫಲ ಇವತ್ತಿನದಾಗಿರಬಹುದು. ಆಗ ‘ಹ್ಯಾವ್’ ಬೇಡ.

‘ವಿದೌಟ್ ದ್ಯಾಟ್ ಆಪರೇಷನ್, ಹಿ ವುಡ್ ಹ್ಯಾವ್ ಡೈಡ್.’ ಆಪರೇಷನ್ ಆಗದಿದ್ದರೆ ಆಗಲೇ ಸಾಯುತ್ತಿದ್ದ.
‘ವಿದೌಟ್ ದ್ಯಾಟ್ ಆಪರೇಷನ್, ಹಿ ವುಡ್ ಬಿ ಬ್ಲೈಂಡ್ ನೌ.’ ಆಪರೇಷನ್ ಆಗದಿದ್ದರೆ ಈಗ ಕುರುಡನಾಗಿರುತ್ತಿದ್ದ.

‘ನೌ’, ‘ಟುಡೇ’, ‘ಸ್ಟಿಲ್’ ಇಂಥ ಪದ ಕಂಡರೆ ಬರೀ ‘ವುಡ್’ ಸಾಕಾಗಬಹುದು, ನಿಂತು ನೋಡಿ.

ಹಂತ 6: ‘ಬೇಕಿತ್ತು’ ಬಂದಾಗ ನಿಧಾನಿಸಿ

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್‌ನಲ್ಲಿ ಬರೆಯುವವರಿಗೆ ಅತಿ ಕಷ್ಟದ ಜಾಗ ಇದು. ಬೇರೆ ಹಂತಗಳನ್ನು ಬೇಗ ದಾಟಿದರೂ ಪರವಾಗಿಲ್ಲ, ಇಲ್ಲಿ ಕೂತು ಅಭ್ಯಾಸ ಮಾಡಿ.

‘ನಿನ್ನೆ ನಾನು ಮೀಟಿಂಗ್‌ಗೆ ಹೋಗಬೇಕಿತ್ತು.’ ಈ ಒಂದು ಕನ್ನಡ ವಾಕ್ಯದ ಹಿಂದೆ ಬೇರೆ ಬೇರೆ ಸಂಗತಿಗಳಿರಬಹುದು.

ಹೋಗಲಿಲ್ಲ, ಹೋಗದಿದ್ದದ್ದು ತಪ್ಪಾಯಿತು ಅನ್ನುವ ಭಾವನೆ ಇದ್ದರೆ ‘ಐ ಶುಡ್ ಹ್ಯಾವ್ ಗಾನ್’.

ಹೋಗುವುದೆಂದು ಮೊದಲೇ ಗೊತ್ತಾಗಿತ್ತು, ನನ್ನ ಹೆಸರೂ ಪಟ್ಟಿಯಲ್ಲಿತ್ತು, ಆದರೆ ಹೋಗಲಾಗಲಿಲ್ಲ ಎಂದಾದರೆ ‘ಐ ವಾಸ್ ಸಪೋಸ್ಡ್ ಟು ಗೋ’. ಇದರಲ್ಲಿ ತಪ್ಪೊಪ್ಪಿಗೆ ಅಷ್ಟಿಲ್ಲ.

ಮೀಟಿಂಗ್ ಇತ್ತು, ಹೋಗದೆ ವಿಧಿಯಿರಲಿಲ್ಲ, ಅದಕ್ಕೇ ನಿಮ್ಮನ್ನು ನೋಡಲು ಬರಲಾಗಲಿಲ್ಲ ಎಂದಾದರೆ ‘ಐ ಹ್ಯಾಡ್ ಟು ಗೋ’. ಇಲ್ಲಿ ಮೀಟಿಂಗ್‌ಗೆ ನಿಜವಾಗಿ ಹೋಗಿದ್ದೀರಿ. ಕನ್ನಡದಲ್ಲಿ ‘ಹೋಗಬೇಕಾಯಿತು’ ಎಂದರೆ ಇದು ಇನ್ನೂ ಸ್ಪಷ್ಟ.

ಇವುಗಳಲ್ಲಿ ಯಾವುದಕ್ಕೂ ‘ಮಸ್ಟ್ ಹ್ಯಾವ್ ಗಾನ್’ ಹೊಂದುವುದಿಲ್ಲ. ‘ಮಸ್ಟ್’ ಅಂದರೆ ಬೇಕು, ಆದ್ದರಿಂದ ‘ಮಸ್ಟ್ ಹ್ಯಾವ್’ ಅಂದರೆ ಬೇಕಿತ್ತು ಅಂತ ಲೆಕ್ಕ ಹಾಕಿದರೆ ತಪ್ಪುತ್ತದೆ. ‘ಯೂ ಮಸ್ಟ್ ಹ್ಯಾವ್ ಟೋಲ್ಡ್ ಮಿ’ ಎಂದು ಮೇಲಧಿಕಾರಿಗೆ ಬರೆದರೆ, ನೀವು ನನಗೆ ಹೇಳಬೇಕಿತ್ತು ಎಂಬ ಆಕ್ಷೇಪ ಅವರಿಗೆ ತಲುಪುವುದಿಲ್ಲ. ‘ನೀವು ನನಗೆ ಹೇಳಿರಬೇಕು, ನಾನೇ ಮರೆತಿದ್ದೇನೆ’ ಅಂತ ಓದಿಕೊಳ್ಳುತ್ತಾರೆ. ಆಕ್ಷೇಪಿಸಲು ಹೋಗಿ ತಪ್ಪನ್ನು ನಿಮ್ಮ ತಲೆಗೇ ಕಟ್ಟಿಕೊಂಡಂತಾಯಿತು.

‘ಬರುತ್ತಿದ್ದೆ’ ಎಂಬುದೂ ಇಷ್ಟೇ ತೊಂದರೆ ಕೊಡುತ್ತದೆ. ‘ಆಗ ದಿನಾ ಬರುತ್ತಿದ್ದೆ’, ‘ದಾರಿಯಲ್ಲಿ ಬರುತ್ತಿದ್ದೆ’, ‘ನೀನು ಹೇಳಿದ್ದರೆ ಬರುತ್ತಿದ್ದೆ’. ಕನ್ನಡದಲ್ಲಿ ಮೂರಕ್ಕೂ ಒಂದೇ ರೂಪ. ಇಂಗ್ಲಿಷ್‌ನಲ್ಲಿ ಕ್ರಮವಾಗಿ ‘ಯೂಸ್ಡ್ ಟು ಕಮ್’, ‘ವಾಸ್ ಕಮಿಂಗ್’, ‘ವುಡ್ ಹ್ಯಾವ್ ಕಮ್’. ‘ಇಫ್ ಯೂ ಟೋಲ್ಡ್, ಐ ವಾಸ್ ಕಮಿಂಗ್’ ಎಂಬ ತಪ್ಪು ಹುಟ್ಟುವುದು ಇಲ್ಲಿಂದಲೇ. ‘ಬರುತ್ತಿದ್ದೆ’ ಬರೆಯುವ ಮೊದಲು ಅದರ ಹಿಂದೆ ‘ದ್ದರೆ’ ಇದೆಯಾ, ಅಥವಾ ಸುಮ್ನೆ ಸೇರಿಸಿಕೊಳ್ಳಲು ಬರುತ್ತದಾ ನೋಡಿ. ಬಂದರೆ ‘ವುಡ್ ಹ್ಯಾವ್’.

ಒಂದು ಮಾತು ‘ಕುಡ್ ಹ್ಯಾವ್’ ಬಗ್ಗೆ. ನಿಜವಾಗಿ ಮಾಡಿ ಮುಗಿಸಿದ ಕೆಲಸಕ್ಕೆ ಇದನ್ನು ಬಳಸಬೇಡಿ. ಬೆಟ್ಟದ ತುದಿ ತಲುಪಿದ್ದರೆ ‘ವಿ ವರ್ ಏಬಲ್ ಟು ರೀಚ್ ದ ಟಾಪ್’. ‘ವಿ ಕುಡ್ ಹ್ಯಾವ್ ರೀಚ್ಡ್’ ಎಂದರೆ ತಲುಪಲಿಲ್ಲ ಅಂತಾಗುತ್ತದೆ.

ಹಂತ 7: ‘ನಾಟ್’ ಸೇರಿದಾಗ ಉತ್ತರ ತಿರುಗುತ್ತದೆ

‘ಶುಡ್ ಹ್ಯಾವ್’ ಅಂದರೆ ಮಾಡಲಿಲ್ಲ. ‘ಶುಡಂಟ್ ಹ್ಯಾವ್’ ಅಂದರೆ ಮಾಡಿಬಿಟ್ಟಿದ್ದಾರೆ. ‘ಯೂ ಶುಡಂಟ್ ಹ್ಯಾವ್ ಸೆಡ್ ದ್ಯಾಟ್’: ಹಾಗೆ ಹೇಳಬಾರದಿತ್ತು, ಹೇಳಿಯಾಗಿದೆ. ಯಾರಿಗಾದರೂ ಉಡುಗೊರೆ ಕೊಟ್ಟಾಗ ‘ಓ, ಯೂ ಶುಡಂಟ್ ಹ್ಯಾವ್!’ ಅಂದರೆ ಮಾತ್ರ ಬೇಜಾರಾಗಬೇಡಿ. ಇಷ್ಟೆಲ್ಲ ಯಾಕೆ ತರೋಕೆ ಹೋದ್ರಿ ಅನ್ನುವ ಪ್ರೀತಿಯ ಮಾತು ಅದು.

‘ನೀಡಂಟ್ ಹ್ಯಾವ್’ ಕೂಡ ಮಾಡಿಯಾದ ಕೆಲಸಕ್ಕೇ. ‘ಯೂ ನೀಡಂಟ್ ಹ್ಯಾವ್ ಕುಕ್ಡ್’: ಅಡುಗೆ ಮಾಡಿದ್ದೀರಿ, ಅಗತ್ಯ ಇರಲಿಲ್ಲ. ‘ಯೂ ಡಿಡಂಟ್ ನೀಡ್ ಟು ಕುಕ್’ ಎಂದರೆ ಅಗತ್ಯ ಇರಲಿಲ್ಲ ಅಂತಷ್ಟೇ. ಮಾಡಿದರೋ ಬಿಟ್ಟರೋ ಸಂದರ್ಭ ಹೇಳಬೇಕು. ‘ನೀಡಂಟ್ ಹ್ಯಾವ್’ ಹೆಚ್ಚಾಗಿ ಬ್ರಿಟಿಷ್ ಇಂಗ್ಲಿಷ್‌ನದು. ಅಮೆರಿಕದಲ್ಲಿ ಎರಡಕ್ಕೂ ‘ಡಿಡಂಟ್ ಹ್ಯಾವ್ ಟು’ ಬಳಸುವುದು ಸಾಮಾನ್ಯ.

‘ಮಸ್ಟ್ ಹ್ಯಾವ್’ನ ವಿರುದ್ಧ ಬೇಕಿದ್ದರೆ ‘ಕಾಂಟ್ ಹ್ಯಾವ್’ ಅಥವಾ ‘ಕುಡಂಟ್ ಹ್ಯಾವ್’ ಬಳಸಿ. ‘ಹಿ ಕಾಂಟ್ ಹ್ಯಾವ್ ಸೀನ್ ಅಸ್’: ಅವನು ನಮ್ಮನ್ನು ನೋಡಿರೋಕೆ ಸಾಧ್ಯವೇ ಇಲ್ಲ.

ಈಗ ಬಹಳ ಜನರನ್ನು ಮುಗ್ಗರಿಸುವ ವಾಕ್ಯ. ‘ಐ ಕುಡಂಟ್ ಹ್ಯಾವ್ ಡನ್ ಇಟ್ ವಿದೌಟ್ ಯೂ.’ ಎರಡು ಇಲ್ಲಗಳಿವೆ: ‘ಕುಡಂಟ್’ ಒಂದು, ‘ವಿದೌಟ್’ ಇನ್ನೊಂದು. ‘ಇಫ್’ ಹಾಕಿ ಬಿಡಿಸಿ: ನೀವು ಇಲ್ಲದಿದ್ದರೆ ನನ್ನಿಂದ ಆಗುತ್ತಿರಲಿಲ್ಲ. ನೀವು ಇದ್ದಿರಿ, ಕೆಲಸ ಆಯಿತು. ಇದು ಧನ್ಯವಾದದ ಮಾತು. ‘ಮಾಡಲಾಗಲಿಲ್ಲ’ ಅಂತ ಓದಿದರೆ ಪೂರ್ತಿ ಉಲ್ಟಾ. ‘ಐ ಕುಡಂಟ್ ಹ್ಯಾವ್ ಬೀನ್ ಹ್ಯಾಪಿಯರ್’ ಕೂಡ ಇದೇ ಜಾತಿ. ಇದಕ್ಕಿಂತ ಹೆಚ್ಚು ಖುಷಿಯಾಗಲು ಸಾಧ್ಯವೇ ಇರಲಿಲ್ಲ, ಅಂದರೆ ಅಷ್ಟು ಖುಷಿಯಾಗಿತ್ತು.

ಹಂತ 8: ಷರತ್ತೇ ಇಲ್ಲದ ಕಡೆ ಹುಡುಕಬೇಡಿ

ಎಷ್ಟು ಹುಡುಕಿದರೂ ಷರತ್ತು ಸಿಗದಿದ್ದರೆ, ಅಲ್ಲಿ ಷರತ್ತೇ ಇಲ್ಲದಿರಬಹುದು. ಕಥೆಗಳಲ್ಲಿ ‘ಶಿ ನ್ಯೂ ದ್ಯಾಟ್ ಬೈ ಮಾರ್ನಿಂಗ್ ದೇ ವುಡ್ ಹ್ಯಾವ್ ಲೆಫ್ಟ್’ ಎಂದು ಬರುತ್ತದೆ. ಬೆಳಗಾಗುವಷ್ಟರಲ್ಲಿ ಅವರು ಹೊರಟುಹೋಗಿರುತ್ತಾರೆಂದು ಅವಳಿಗೆ ಗೊತ್ತಿತ್ತು. ಇದು ಹಿಂದೆ ನಿಂತು ಮುಂದಿನದನ್ನು ನೋಡುವ ಮಾತು. ‘ವಿಲ್ ಹ್ಯಾವ್ ಲೆಫ್ಟ್’ ಎಂಬುದೇ ಭೂತಕಾಲದ ಕಥೆಯೊಳಗೆ ‘ವುಡ್ ಹ್ಯಾವ್ ಲೆಫ್ಟ್’ ಆಗಿದೆ.

ಭಾರತೀಯ ಇಂಗ್ಲಿಷ್‌ನಲ್ಲಿ ಇನ್ನೊಂದು ಬಳಕೆ ಇದೆ: ‘ಯೂ ವುಡ್ ಹ್ಯಾವ್ ಹರ್ಡ್ ದ ನ್ಯೂಸ್’. ‘ಸುದ್ದಿ ಕೇಳಿರುತ್ತೀರಿ’ ಅನ್ನುವ ಅರ್ಥದಲ್ಲಿ. ನಮ್ಮ ನಡುವೆ ಇದು ಸಲೀಸಾಗಿ ಅರ್ಥವಾಗುತ್ತದೆ. ಆದರೆ ಬೇರೆ ದೇಶದ ಓದುಗರು ‘ಬಟ್’ ಅಥವಾ ‘ಇಫ್’ ಬರುತ್ತದೆಂದು ಕಾಯಬಹುದು: ಕೇಳುತ್ತಿದ್ದಿರಿ, ಆದರೆ? ಅಂಥವರಿಗೆ ಬರೆಯುವಾಗ ‘ಯೂ ವಿಲ್ ಹ್ಯಾವ್ ಹರ್ಡ್’ ಅಥವಾ ‘ಯೂ ಮಸ್ಟ್ ಹ್ಯಾವ್ ಹರ್ಡ್’ ಬಳಸುವುದು ಒಳ್ಳೆಯದು.

‘ಶುಡ್ ಹ್ಯಾವ್’ಗೂ ಇಂಥ ಒಂದು ಬಳಕೆ ಇದೆ. ‘ದ ಟ್ರೇನ್ ಶುಡ್ ಹ್ಯಾವ್ ಅರೈವ್ಡ್ ಬೈ ನೌ.’ ಇದು ಯಾರ ತಪ್ಪನ್ನೂ ಹೇಳುತ್ತಿಲ್ಲ. ಲೆಕ್ಕದ ಪ್ರಕಾರ ಇಷ್ಟು ಹೊತ್ತಿಗೆ ಬಂದಿರಬೇಕು ಎಂಬ ನಿರೀಕ್ಷೆ. ಹೆಚ್ಚಾಗಿ ‘ಬೈ ನೌ’ ಜೊತೆಗಿರುತ್ತದೆ.

ಈಗ ನಿಮ್ಮ ಸರದಿ

ಉತ್ತರ ನೋಡುವ ಮೊದಲು ಪ್ರತಿ ವಾಕ್ಯಕ್ಕೂ ಎರಡು ಪ್ರಶ್ನೆ ಕೇಳಿ: ನಡೆಯಿತಾ? ಷರತ್ತು ಎಲ್ಲಿದೆ?

1. ‘ಐ ವುಡ್ ಹ್ಯಾವ್ ರಿಟನ್ ಸೂನರ್, ಬಟ್ ಐ ಲಾಸ್ಟ್ ಯುವರ್ ಅಡ್ರೆಸ್.’
2. ‘ದೇ ಮಸ್ಟ್ ಹ್ಯಾವ್ ಟೇಕನ್ ದ ರಾಂಗ್ ಟರ್ನ್.’
3. ‘ಬಟ್ ಫಾರ್ ಹರ್ ಕ್ವಿಕ್ ಥಿಂಕಿಂಗ್, ದ ಚೈಲ್ಡ್ ಕುಡ್ ಹ್ಯಾವ್ ಡ್ರೌನ್ಡ್.’
4. ‘ಯೂ ನೀಡಂಟ್ ಹ್ಯಾವ್ ವೆಯ್ಟೆಡ್.’
5. ‘ವಿದೌಟ್ ದ್ಯಾಟ್ ಲೋನ್, ದೇ ವುಡ್ ಸ್ಟಿಲ್ ಬಿ ಲಿವಿಂಗ್ ಇನ್ ಒನ್ ರೂಮ್.’
6. ‘ಎನಿವನ್ ಎಲ್ಸ್ ವುಡ್ ಹ್ಯಾವ್ ಗಿವನ್ ಅಪ್.’

ಉತ್ತರಗಳು:

1. ಬೇಗ ಬರೆಯಲಿಲ್ಲ. ಷರತ್ತು ‘ಬಟ್’ ನಂತರ ಇದೆ: ವಿಳಾಸ ಕಳೆದುಹೋಗದಿದ್ದರೆ. ‘ಲಾಸ್ಟ್’ ಸಾದಾ ಭೂತಕಾಲದಲ್ಲಿರುವುದನ್ನು ಗಮನಿಸಿ.

2. ಗೊತ್ತಿಲ್ಲ, ಬಲವಾದ ಊಹೆ: ತಪ್ಪು ತಿರುವು ತೆಗೆದುಕೊಂಡಿರಬೇಕು. ಷರತ್ತು ಇಲ್ಲ, ಹುಡುಕಬೇಕಾಗಿಯೂ ಇಲ್ಲ.

3. ಮಗು ಮುಳುಗಲಿಲ್ಲ. ಅವಳು ಚುರುಕಾಗಿ ಯೋಚಿಸದೇ ಇದ್ದಿದ್ದರೆ ಮುಳುಗಬಹುದಿತ್ತು.

4. ಕಾದಿದ್ದಾರೆ. ಅಗತ್ಯ ಇರಲಿಲ್ಲ.

5. ಈಗ ಒಂದೇ ಕೋಣೆಯಲ್ಲಿ ಇಲ್ಲ. ಸಾಲ ಸಿಗದಿದ್ದರೆ ಇನ್ನೂ ಅಲ್ಲೇ ಇರುತ್ತಿದ್ದರು. ಫಲ ಇವತ್ತಿನದು, ಅದಕ್ಕೇ ‘ಹ್ಯಾವ್’ ಇಲ್ಲ.

6. ಕೈಬಿಡಲಿಲ್ಲ. ಷರತ್ತು ಕರ್ತೃವಿನಲ್ಲೇ ಇದೆ: ಈ ಜಾಗದಲ್ಲಿ ಬೇರೆ ಯಾರೇ ಇದ್ದಿದ್ದರೂ ಕೈಬಿಡುತ್ತಿದ್ದರು. ಹೊಗಳಿಕೆ ಯಾರಿಗೆ ಅಂತ ವಾಕ್ಯದಲ್ಲಿ ಎಲ್ಲೂ ಹೆಸರಿಲ್ಲ, ಅದನ್ನು ಹಿಂದಿನ ವಾಕ್ಯದಲ್ಲಿ ಹುಡುಕಿ.